ಹೊರುವ ಯಂತ್ರ, ಹರಡುವ ಹಾಳೆ

ಅರಭಾವಿಯ ಸುತ್ತಲಿನ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಗಳಿಂದ ಎಂಜಿನಿಯರಿಂಗ್ ವಿದ್ಯಾಭ್ಯಾಸಕ್ಕೆ ಹೊರಟು ನಿಂತಿರುವ ನಲ್ಮೆಯ ವಿದ್ಯಾರ್ಥಿಗಳೇ, ವಿದ್ಯಾರ್ಥಿನಿಯರೇ, ಅವರನ್ನು ಕಳುಹಿಸಿಕೊಡುತ್ತಿರುವ ತಂದೆತಾಯಿಗಳೇ,

ಈ ಪತ್ರವನ್ನು ಬರೆಯುತ್ತಿರುವವನು ನಿಮ್ಮಲ್ಲಿ ಬಹುಮಂದಿಗೆ ಅಪರಿಚಿತನು. ಆದರೂ ನೀವಿಂದು ಬೆಳಗಿನ ಬಸ್ಸಿಗಾಗಿ ಕಾದು ನಿಲ್ಲುವ ರಸ್ತೆಯ ಅದೇ ಅಂಚಿನಲ್ಲಿ, ಸುಮಾರು ಅರ್ಧ ಶತಮಾನದ ಹಿಂದೆ, ಬಗಲಲ್ಲಿ ಡ್ರಾಯಿಂಗ್ ಬೋರ್ಡನ್ನೂ ಹೆಗಲಿಗೆ ಹಾಳೆಗಳ ಉದ್ದನೆಯ ಕೊಳವೆಯನ್ನೂ ತೂಗುಹಾಕಿಕೊಂಡು ನಿಂತಿದ್ದವನು. ತರುವಾಯ ಇದೇ ಜಿಲ್ಲೆಯ ವಿದ್ಯಾಲಯವೊಂದರಲ್ಲಿ ಮೂವತ್ತಕ್ಕೂ ಮಿಕ್ಕ ವರ್ಷಗಳ ಕಾಲ ಎಂಜಿನಿಯರಿಂಗ್ ಡ್ರಾಯಿಂಗ್ ಕಲಿಸಿ, ಕೈಬರಹದ ನಕ್ಷೆಯು ಮರೆಯಾಗಿ ಗಣಕಯಂತ್ರದ ನಕ್ಷೆಯು ಉದಯಿಸಿದುದನ್ನು ಕಣ್ಣಾರೆ ಕಂಡು ನಿವೃತ್ತನಾದವನು. ಆ ಒಂದು ಸಂಬಂಧದ ಸಲುಗೆಯಿಂದ ನಿಮ್ಮೊಡನೆ ನಾಲ್ಕು ಮಾತುಗಳನ್ನಾಡಲು ಉದ್ಯುಕ್ತನಾಗಿದ್ದೇನೆ.

ಸಿಇಟಿಯ ಸೀಟುಗಳು ಹಂಚಿಕೆಯಾಗುವ ದಿನಗಳು ಬಂದವೆಂದರೆ ನನ್ನ ಮನೆಯ ಕಟ್ಟೆಗೆ ಯಾರಾದರೊಬ್ಬ ತಂದೆ ಬಂದು ಕುಳಿತು, ಫೀಯ ಮಾತು, ಹಾಸ್ಟೆಲಿನ ಮಾತು ಮುಗಿದ ಮೇಲೆ, ತುಸು ಸಂಕೋಚದಿಂದಲೇ ಕೇಳುವ ಪ್ರಶ್ನೆಯೊಂದಿದೆ: "ಮಾಸ್ತರ, ಹುಡುಗಗ ದೊಡ್ಡ ಸ್ಕ್ರೀನಿಂದು ಕೊಡಸೋಣೇನ್ರಿ, ಸಣ್ಣದು ಸಾಕೇನ್ರಿ?" ಒಂದು ವರ್ಷದ ಕಬ್ಬಿನ ಬಿಲ್ಲಿನ ಬಹುಭಾಗವನ್ನು ಒಂದೇ ವಸ್ತುವಿಗೆ ಸುರಿಯಬೇಕಾಗಿ ಬಂದಿರುವ ಒಕ್ಕಲಿಗನೊಬ್ಬನು ಕೇಳುವ ಈ ಪ್ರಶ್ನೆಯನ್ನು ಕ್ಷುಲ್ಲಕವೆಂದು ನಾನೆಂದೂ ಬಗೆದವನಲ್ಲ. ಎತ್ತನ್ನು ಕೊಳ್ಳುವಾಗ ಹಲ್ಲು ನೋಡಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡುವ ನಮ್ಮ ಜನ, ಅದಕ್ಕಿಂತಲೂ ಹೆಚ್ಚಿನ ಬೆಲೆಯ ಈ ಯಂತ್ರವನ್ನು ಅಂಗಡಿಯವನು ಹೇಳಿದ ಒಂದು ಸಂಖ್ಯೆಯನ್ನು ನೆಚ್ಚಿ ಕೊಂಡುತರುವುದನ್ನು ಕಂಡಾಗ ನನ್ನ ಮನಸ್ಸಿಗೆ ಖೇದವಾಗುತ್ತದೆ.

ಮೊದಲು ನನ್ನ ಡ್ರಾಯಿಂಗ್ ಬೋರ್ಡಿನ ಕಥೆಯನ್ನೇ ಹೇಳುವೆನು. ನಾನು ಹೇಳಬೇಕೆಂದಿರುವ ಮಾತಿನ ಬೀಜವು ಅಲ್ಲಿಯೇ ಇದೆ. ನಾನು ವಿದ್ಯಾರ್ಥಿಯಾಗಿದ್ದ ಮೊದಲ ವರ್ಷ, ಹಾಳೆಯನ್ನು ಹರಡಲು ಬೇಕಾದ ಮರದ ಹಲಗೆಯನ್ನು ನಾವೇ ಮನೆಯಿಂದ ಹೊತ್ತೊಯ್ಯಬೇಕಾಗಿತ್ತು. ತುಂಬಿದ ಬಸ್ಸಿನಲ್ಲಿ ಆ ಹಲಗೆಯ ಮೂಲೆಯು ಒಬ್ಬರ ಬೆನ್ನಿಗೆ ತಾಗುವುದು, ಮತ್ತೊಬ್ಬರ ಬುಟ್ಟಿಗೆ ಸಿಲುಕುವುದು. ಕಂಡಕ್ಟರನ ಬೈಗುಳವನ್ನು ತಲೆತಗ್ಗಿಸಿ ಕೇಳಿಕೊಳ್ಳುವುದು ನಮ್ಮ ನಿತ್ಯಕರ್ಮವೇ ಆಗಿತ್ತು. ಎರಡನೆಯ ವರ್ಷ ವಿದ್ಯಾಲಯದವರು ಡ್ರಾಯಿಂಗ್ ಹಾಲಿನಲ್ಲಿ ಸಾಲಾಗಿ ಹಲಗೆಗಳನ್ನು ಇರಿಸಿದರು. ಅಂದಿನಿಂದ ನಾವು ಹೊತ್ತೊಯ್ದದ್ದು ಸುತ್ತಿದ ಹಾಳೆ, ಡ್ರಾಫ್ಟರ್, ಪೆನ್ಸಿಲ್ಲಿನ ಡಬ್ಬಿ ಇಷ್ಟನ್ನೇ. ಹರಡಬೇಕಾದ ವಸ್ತುವು ಇದ್ದಲ್ಲಿಯೇ ಇರಬೇಕು, ಹೊರಬೇಕಾದ ವಸ್ತುವು ಹಗುರಾಗಿರಬೇಕು ಎಂಬ ಆ ಸರಳವಾದ ವ್ಯವಸ್ಥೆಯನ್ನು, ಪರದೆಯನ್ನೂ ಯಂತ್ರವನ್ನೂ ಒಂದೇ ಮಡಿಕೆಯಲ್ಲಿ ಸೇರಿಸಿಕೊಂಡಿರುವ ಈ ಲ್ಯಾಪ್‌ಟಾಪು ನಮಗೆ ಮರೆಸಿಬಿಟ್ಟಿದೆ.

ಮರೆತುದರ ಫಲವನ್ನು ನಾನು ನಮ್ಮ ಮನೆಯಲ್ಲಿಯೇ ಕಂಡೆನು. ನನ್ನ ತಂಗಿಯ ಮೊಮ್ಮಗನು ಮೆಕ್ಯಾನಿಕಲ್ ವಿಭಾಗಕ್ಕೆ ಸೇರಿದಾಗ, ಅವನ ತಂದೆ, ಮಗನಿಗೆ ಯಾವುದರಲ್ಲಿಯೂ ಕೊರತೆಯಾಗಬಾರದೆಂಬ ವಾತ್ಸಲ್ಯದಿಂದ, ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡದಾದ 17.3 ಇಂಚಿನ ಯಂತ್ರವನ್ನು ಕೊಡಿಸಿದನು. ಅದರ ತೂಕ ಮೂರು ಕಿಲೋಗ್ರಾಮಿಗೆ ತುಸು ಕಡಿಮೆ. ಅದರ ಚಾರ್ಜರು ಬೇರೆ ಒಂದು ಇಟ್ಟಿಗೆಯಂತಿತ್ತು. ಊರಿನಿಂದ ಬಸ್ ಬದಲಿಸಿ ನಿತ್ಯವೂ ಹೋಗಿಬರುವ ಆ ಹುಡುಗನು, ಪುಸ್ತಕ, ಬುತ್ತಿ, ನೀರಿನ ಬಾಟಲಿಗಳೊಡನೆ ಅದನ್ನು ಬೆನ್ನಿಗೇರಿಸಿಕೊಂಡು ಮೂರು ವಾರ ಓಡಾಡಿದನು. ನಾಲ್ಕನೆಯ ವಾರ ಅವನ ಪಾಟೀಚೀಲವು ತೆಳ್ಳಗಾಗಿದ್ದುದನ್ನು ಕಂಡು ವಿಚಾರಿಸಿದೆ. "ಅಜ್ಜಾ, ಅದನ್ನ ಹೊತಗೊಂಡ ಹೋಗೂದಽ ಒಂದ ಕೆಲಸ ಆಗೇತಿ. ಬಸ್ಸಿನಾಗ ಮಡಿಲಾಗ ಇಟ್ಕೊಂಡ ಕುಂದ್ರಾಕ ಜಾಗಾ ಸಿಗೂದಿಲ್ಲ, ಮ್ಯಾಲಿಡಾಕ ಜೀವ ತಡಿಯೂದಿಲ್ಲ" ಎಂದನು. ಅಷ್ಟು ಹಣದ ಯಂತ್ರವು ಮನೆಯ ಅಲ್ಮಾರಿಯ ಮೇಲೆ ಕುಳಿತಿತ್ತು. ಅದರಲ್ಲಿದ್ದ ಪಾಠವನ್ನು ಹುಡುಗನು ತರಗತಿಯಲ್ಲಿ ಮೊಬೈಲಿನ ಆರು ಇಂಚಿನ ಗಾಜಿನಲ್ಲಿ ನೋಡುತ್ತಿದ್ದನು.

ಆದಕಾರಣ, ಪರದೆಯ ಇಂಚುಗಳೆಂದರೇನೆಂಬುದನ್ನೇ ಮೊದಲು ವಿಚಾರಿಸೋಣ. ನೀವು ಎಂಜಿನಿಯರುಗಳಾಗಲು ಹೊರಟವರು. ಅಂಗಡಿಯ ಚೀಟಿಯಲ್ಲಿ ಬರೆದ 14, 15.6, 16, 17.3 ಎಂಬ ಸಂಖ್ಯೆಗಳು ಪರದೆಯ ಕರ್ಣದ ಉದ್ದವೇ ಹೊರತು ಅಗಲವೂ ಅಲ್ಲ, ಎತ್ತರವೂ ಅಲ್ಲ ಎಂಬುದನ್ನು ತಿಳಿದು, ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಭುಜದ ಪ್ರಮೇಯವನ್ನು ಹಚ್ಚಿ ನೋಡಿರಿ. ಅಗಲಕ್ಕೂ ಎತ್ತರಕ್ಕೂ 16ಕ್ಕೆ 9ರ ಪ್ರಮಾಣವಿರುವ 15.6 ಇಂಚಿನ ಪರದೆಯು 34.5 ಸೆಂಟಿಮೀಟರ್ ಅಗಲ, 19.4 ಸೆಂಟಿಮೀಟರ್ ಎತ್ತರವಿರುತ್ತದೆ. ಅದೇ ಪ್ರಮಾಣದ 17.3 ಇಂಚಿನದು 38.3 ಸೆಂಟಿಮೀಟರ್ ಅಗಲ, 21.5 ಸೆಂಟಿಮೀಟರ್ ಎತ್ತರ. ಆದರೆ ಈಚೆಗೆ 16ಕ್ಕೆ 10ರ ಪ್ರಮಾಣದ, ಅಂದರೆ ತುಸು ಎತ್ತರವಾದ ಪರದೆಗಳು ಬಳಕೆಗೆ ಬಂದಿವೆ. ಆ ಪ್ರಮಾಣದ 16 ಇಂಚಿನ ಪರದೆಯ ಅಗಲ 34.5 ಸೆಂಟಿಮೀಟರ್, ಎತ್ತರ 21.5 ಸೆಂಟಿಮೀಟರ್. ಈ ಲೆಕ್ಕವನ್ನು ಮೊದಲ ಬಾರಿಗೆ ಕಾಗದದ ಮೇಲೆ ಹಾಕಿದಾಗ ನನಗಾದ ಆನಂದವನ್ನು ನಿಮ್ಮಿಂದ ಮರೆಮಾಚಲಾರೆ: 15.6 ಇಂಚಿನ ಅಗಲದಲ್ಲಿಯೇ, 17.3 ಇಂಚಿನ ಪೂರ್ಣ ಎತ್ತರವು ಅಲ್ಲಿ ದೊರೆಯುತ್ತದೆ! ನೀವೆಲ್ಲರೂ ಬಲ್ಲ ಎ4 ಹಾಳೆಯನ್ನು ಅಡ್ಡಲಾಗಿ ಹಿಡಿದರೆ ಅದರ ಅಳತೆ 29.7ಕ್ಕೆ 21 ಸೆಂಟಿಮೀಟರ್, 15.6 ಇಂಚಿನ ಸಾಮಾನ್ಯ ಪರದೆಯಲ್ಲಿ ಅದರ ಒಂದೂವರೆ ಸೆಂಟಿಮೀಟರಿನಷ್ಟು ಭಾಗ ಹೊರಗುಳಿದರೆ, 16 ಇಂಚಿನ ಈ ಪರದೆಯಲ್ಲಿ ಅದು ನಿಜವಾದ ಗಾತ್ರದಲ್ಲಿಯೇ ಇಡಿಯಾಗಿ ನಿಲ್ಲುತ್ತದೆ. 14 ಇಂಚಿನ 16ಕ್ಕೆ 10ರ ಪರದೆಯು 30.2 ಸೆಂಟಿಮೀಟರ್ ಅಗಲ, 18.8 ಸೆಂಟಿಮೀಟರ್ ಎತ್ತರವಿದ್ದು, ಎತ್ತರದಲ್ಲಿ ತನಗಿಂತ ಹಿರಿದಾದ 15.6 ಇಂಚಿನದಕ್ಕೆ ಅರ್ಧ ಸೆಂಟಿಮೀಟರಿನಷ್ಟು ಮಾತ್ರ ಕಡಿಮೆಯಾಗುತ್ತದೆ.

ಎತ್ತರಕ್ಕೆ ಇಷ್ಟೊಂದು ಮಹತ್ವವನ್ನು ಕೊಡುವುದೇಕೆಂದರೆ, ನೀವು ಬಳಸಲಿರುವ ತಂತ್ರಾಂಶಗಳೆಲ್ಲವೂ ಎತ್ತರವನ್ನೇ ನುಂಗುವಂಥವು. ಆಟೋಕ್ಯಾಡ್, ಸಾಲಿಡ್‌ವರ್ಕ್ಸ್, ರೆವಿಟ್‌ಗಳ ಮೇಲಂಚಿನಲ್ಲಿ ಉಪಕರಣಗಳ ಪಟ್ಟಿಯೊಂದು ಅಡ್ಡಲಾಗಿ ಮಲಗಿರುತ್ತದೆ; ಕೆಳಗೆ ಆಜ್ಞೆಯ ಸಾಲು, ಅದರ ಕೆಳಗೆ ವಿಂಡೋಸ್‌ನ ಪಟ್ಟಿ. ಇವುಗಳ ನಡುವೆ ಉಳಿದ ಕಿಟಕಿಯಲ್ಲಿಯೇ ನಿಮ್ಮ ಸೇತುವೆಯೋ ಗೇರ್‌ಚಕ್ರವೋ ಕಾಣಬೇಕು. 1920ಕ್ಕೆ 1080 ಬಿಂದುಗಳ ಪರದೆಗಿಂತ 1920ಕ್ಕೆ 1200 ಬಿಂದುಗಳ ಪರದೆಯಲ್ಲಿ 120 ಸಾಲುಗಳು ಅಧಿಕವಾಗಿ ದೊರೆಯುವುದರಿಂದ, ಆ ಪಟ್ಟಿಗಳು ತಿಂದು ಹಾಕಿದ ಜಾಗವು ಬಹುಮಟ್ಟಿಗೆ ಮರಳಿ ಕೈಸೇರಿದಂತಾಗುವುದು. 1366ಕ್ಕೆ 768 ಬಿಂದುಗಳ ಹಳೆಯ ಮಾದರಿಯನ್ನು ಯಾರಾದರೂ ಅಗ್ಗದ ಬೆಲೆಗೆ ಕೊಡುತ್ತೇನೆಂದರೆ, ಪರದೆ ಎಷ್ಟೇ ಇಂಚಿನದಾಗಿದ್ದರೂ, ದಯಮಾಡಿ ಕೊಳ್ಳಬೇಡಿರಿ. ಆ ತಂತ್ರಾಂಶಗಳ ಕೆಲವು ಸಂವಾದ ಪೆಟ್ಟಿಗೆಗಳ 'ಓಕೆ' ಗುಂಡಿಯೇ ಪರದೆಯ ಕೆಳಗಂಚಿನಾಚೆ ಅಡಗಿಹೋಗಿ, ವಿದ್ಯಾರ್ಥಿಗಳು ತೊಳಲಾಡುವುದನ್ನು ನಾನು ಪ್ರಯೋಗಶಾಲೆಯಲ್ಲಿ ಅನೇಕ ಬಾರಿ ಕಂಡಿದ್ದೇನೆ. ಇನ್ನು 14 ಇಂಚಿನ ಪರದೆಯಲ್ಲಿ ಬಿಂದುಗಳು ಒತ್ತೊತ್ತಾಗಿರುವುದರಿಂದ ಅಕ್ಷರಗಳು ಸೂಕ್ಷ್ಮವಾಗುತ್ತವೆ, ಅವನ್ನು ದೊಡ್ಡದು ಮಾಡಿದರೆ ಜಾಗವು ಕಡಿಮೆಯಾಗುತ್ತದೆ. ಕನ್ನಡಕ ಧರಿಸುವವರು ಅಂಗಡಿಯಲ್ಲಿ ನಿಂತು, ಒಂದು ತೋಳಿನಳತೆಯ ದೂರದಿಂದ ಓದಿ ನೋಡಿಯೇ ನಿರ್ಧರಿಸತಕ್ಕದ್ದು.

ಪರದೆಯ ಮಾತು ಇಷ್ಟಾಯಿತು. ಆದರೆ ತಂತ್ರಾಂಶವನ್ನು ಓಡಿಸುವುದು ಪರದೆಯಲ್ಲ, ಒಡಲು. ಗಾತ್ರದ ಪ್ರಶ್ನೆಯ ನಿಜವಾದ ಗಂಟು ಇಲ್ಲಿದೆ, ಅಂಗಡಿಗಳಲ್ಲಿ ಯಾರೂ ಬಿಚ್ಚಿ ತೋರಿಸದ ಗಂಟೂ ಇದೇ. ನೀವೆಲ್ಲರೂ ಗೋಕಾಕದ ಜಲಪಾತವನ್ನು ಬಲ್ಲಿರಿ. 52 ಮೀಟರ್ ಎತ್ತರದಿಂದ ಧುಮುಕುವ ಘಟಪ್ರಭೆಯ ನೀರಿನ ಬಲದಿಂದಲೇ ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದಲ್ಲಿ ಅಲ್ಲಿಯ ನೂಲಿನ ಗಿರಣಿಯು ತಿರುಗತೊಡಗಿತು. ಅಲ್ಲಿ ನಿಂತು ಯೋಚಿಸಿರಿ: ಒಂದೇ ಬಗೆಯ ಟರ್ಬೈನಿಗೆ ಕಿರಿದಾದ ಕೊಳವೆಯಿಂದ ನೀರು ಬಿಟ್ಟರೆ ದೊರೆಯುವ ಶಕ್ತಿಯೂ, ಹಿರಿದಾದ ಕೊಳವೆಯಿಂದ ಬಿಟ್ಟರೆ ದೊರೆಯುವ ಶಕ್ತಿಯೂ ಒಂದೇ ಆದೀತೆ? ಲ್ಯಾಪ್‌ಟಾಪಿನೊಳಗಿನ ಗ್ರಾಫಿಕ್ಸ್ ಕಾರ್ಡಿನ ಸ್ಥಿತಿಯೂ ಹಾಗೆಯೇ. ಎನ್ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 4050 ಎಂಬ ಒಂದೇ ಹೆಸರಿನ ಲ್ಯಾಪ್‌ಟಾಪ್ ಕಾರ್ಡು, ತಯಾರಕರು ಒದಗಿಸುವ ವಿದ್ಯುತ್ತಿಗೆ ಅನುಸಾರವಾಗಿ 35 ವಾಟ್‌ನಿಂದ 115 ವಾಟ್‌ವರೆಗೆ ಎಷ್ಟರಲ್ಲಾದರೂ ಕೆಲಸ ಮಾಡಬಹುದು. ತೆಳುವಾದ ಒಡಲಲ್ಲಿ ಅದಕ್ಕೆ ಕಿರಿಯ ಕೊಳವೆ. ದಪ್ಪನೆಯ ಒಡಲಲ್ಲಿ ಹಿರಿಯ ಕೊಳವೆ. ಚೀಟಿಯ ಮೇಲಿನ ಹೆಸರು ಮಾತ್ರ ಎರಡರಲ್ಲಿಯೂ ಒಂದೇ. ಹೀಗಾಗಿ ಅಂಗಡಿಯಲ್ಲಿ ಕಾರ್ಡಿನ ಹೆಸರಿನ ಜತೆಗೆ ಅದರ ವಾಟ್ ಎಷ್ಟೆಂಬುದನ್ನು ಕೇಳುವುದು ನಿಮ್ಮ ಹಕ್ಕು. ಉತ್ತರ ಬಾರದಿದ್ದರೆ ತಯಾರಕರ ವಿವರಪತ್ರದಲ್ಲಿ ಹುಡುಕಿ ನೋಡುವುದು ನಿಮ್ಮ ಕರ್ತವ್ಯ.

ವಿದ್ಯುತ್ತು ಹೆಚ್ಚಿದಂತೆ ಉಷ್ಣವೂ ಹೆಚ್ಚುವುದು. ಆ ಉಷ್ಣವನ್ನು ಹೊರದೂಡಲು ತಾಮ್ರದ ನಳಿಕೆ, ಪಂಖ, ಗಾಳಿಯ ಕಿಂಡಿ ಬೇಕು. ಅವುಗಳಿಗೆ ಜಾಗವೂ ತೂಕವೂ ಬೇಕು. ಅವು ಸಾಲದಾದಾಗ ಪ್ರೊಸೆಸರು ತನ್ನನ್ನು ತಾನೇ ರಕ್ಷಿಸಿಕೊಳ್ಳುವುದಕ್ಕಾಗಿ, ಸುಮಾರು 95ರಿಂದ 100 ಡಿಗ್ರಿಯ ಹೊಸ್ತಿಲಿನಲ್ಲಿ, ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಬೆಂಗಳೂರಿನ ತಂಪಾದ ಕೋಣೆಯಲ್ಲಿ ಕುಳಿತು ಬರೆದ ಸಲಹೆಗಳು ನಮ್ಮ ಸೀಮೆಗೆ ಪೂರ್ತಿಯಾಗಿ ಒಪ್ಪುವುದಿಲ್ಲವೆಂದು ನಾನು ಹೇಳುವುದು ಇದಕ್ಕಾಗಿಯೇ. ಏಪ್ರಿಲ್, ಮೇ ತಿಂಗಳುಗಳಲ್ಲಿ ಪತ್ರಾಸಿನ ಮಾಡಿನ ಕೆಳಗೆ, ಮಧ್ಯಾಹ್ನದ ಎರಡು ಗಂಟೆಗೆ, ತೆಳ್ಳನೆಯ ಯಂತ್ರವೊಂದರಲ್ಲಿ ಆನ್ಸಿಸ್‌ನ ಒತ್ತಡ ವಿಶ್ಲೇಷಣೆಯನ್ನು ನಡೆಸಲು ಹೊರಟರೆ, ಅದು ಉಬ್ಬಸ ಹಿಡಿದ ಮುದುಕನಂತೆ ಏದುಸಿರು ಬಿಡುವುದು ಸ್ವಾಭಾವಿಕ. ಹಾಸಿಗೆಯ ಮೇಲೆ, ಕೌದಿಯ ಮೇಲೆ ಯಂತ್ರವನ್ನಿಟ್ಟು ಕೆಲಸ ಮಾಡುವ ಅಭ್ಯಾಸವನ್ನಂತೂ ಸುತರಾಂ ಬಿಟ್ಟುಬಿಡಿರಿ. ಗಾಳಿಯನ್ನೆಳೆದುಕೊಳ್ಳುವ ಕಿಂಡಿಗಳು ಬಹುತೇಕ ಯಂತ್ರಗಳಲ್ಲಿ ತಳದಲ್ಲಿಯೇ ಇರುತ್ತವೆ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳೆಬ್ಬಿಸುವ ಧೂಳು ಆ ಕಿಂಡಿಗಳಲ್ಲಿ ತುಂಬುವುದುಂಟು. ವರ್ಷಕ್ಕೊಮ್ಮೆ ಬಲ್ಲವರಿಂದ ಬಿಚ್ಚಿಸಿ ಸ್ವಚ್ಛಗೊಳಿಸಿದರೆ ಯಂತ್ರದ ಆಯುಸ್ಸು ಹೆಚ್ಚುವುದು.

ವಿದ್ಯುತ್ತಿನ ಮಾತು ಬಂದಿತು. ಹುಕ್ಕೇರಿಯಲ್ಲಿ 1969ರಷ್ಟು ಹಿಂದೆಯೇ ಗ್ರಾಮೀಣ ವಿದ್ಯುತ್ ಸಹಕಾರ ಸಂಘವೊಂದು ಸ್ಥಾಪಿತವಾಗಿ, ಹಳ್ಳಿಗರೇ ಸದಸ್ಯರಾಗಿರುವ ಸಂಸ್ಥೆಯು ಹಳ್ಳಿಗಳಿಗೆ ದೀಪವನ್ನು ಮುಟ್ಟಿಸಿದ್ದು ನಮ್ಮ ಸೀಮೆಯ ಅಭಿಮಾನದ ಸಂಗತಿ. ಆದರೂ ಊರಿನಿಂದ ದೂರ, ಕಬ್ಬಿನ ನಡುವೆ ಕಟ್ಟಿಕೊಂಡ ತೋಟದ ಮನೆಗಳಲ್ಲಿ ವಾಸಿಸುವ ನಿಮ್ಮಲ್ಲಿ ಅನೇಕರಿಗೆ, ಪಂಪ್‌ಸೆಟ್ಟಿನ ಲೈನಿನಲ್ಲಿ ಕರೆಂಟು ಯಾವ ಹೊತ್ತಿಗೆ ಬರುವುದು, ಯಾವ ಹೊತ್ತಿಗೆ ಹೋಗುವುದು ಎಂಬುದು ಪರೀಕ್ಷೆಯ ವೇಳಾಪಟ್ಟಿಯಷ್ಟೇ ಮುಖ್ಯವಾದ ವಿಷಯ. ಲೆಕ್ಕ ಸರಳವಾಗಿದೆ. ಬ್ಯಾಟರಿಯು 60 ವಾಟ್-ಗಂಟೆಯದೆಂದು ಭಾವಿಸಿರಿ. ಬರೆಯುವ, ಓದುವ, ಪ್ರೋಗ್ರಾಮು ರಚಿಸುವ ಕೆಲಸಕ್ಕೆ ಯಂತ್ರವು 10 ವಾಟ್ ಸೆಳೆದರೆ ಅದು ಆರು ಗಂಟೆ ಬಾಳುವುದು. ಮೂರು ಆಯಾಮದ ಮಾದರಿಯನ್ನು ತಿರುಗಿಸುತ್ತ 60 ವಾಟ್ ಸೆಳೆದರೆ ಒಂದೇ ಗಂಟೆ. ದೊಡ್ಡ ಗೇಮಿಂಗ್ ಯಂತ್ರಗಳು ಬ್ಯಾಟರಿಯ ಮೇಲಿದ್ದಾಗ ತಮ್ಮ ಪೂರ್ಣಶಕ್ತಿಯನ್ನೂ ತೋರಲಾರವು. 65 ವಾಟ್‌ನ ಯುಎಸ್‌ಬಿ-ಸಿ ಚಾರ್ಜರಿನಿಂದ ತುಂಬಿಕೊಳ್ಳುವ ಯಂತ್ರಕ್ಕೆ ಮನೆಯ ಸಣ್ಣ ಇನ್ವರ್ಟರೂ ಸಾಕಾಗುವುದು. 200 ವಾಟ್ ಮೀರಿದ ಚಾರ್ಜರನ್ನು ಬೇಡುವ ಯಂತ್ರವು ಅದರ ಬ್ಯಾಟರಿಯನ್ನು ಬೇಗನೆ ಬರಿದುಮಾಡುವುದು.

ಹಾಗಾದರೆ ಯಾರು ಎಷ್ಟು ಇಂಚಿನದನ್ನು ಕೊಳ್ಳಬೇಕು? ನಾನು ಇಂಚಿನಿಂದ ಆರಂಭಿಸುವುದಿಲ್ಲ. ನಿಮ್ಮ ದಿನದಿಂದ ಆರಂಭಿಸುತ್ತೇನೆ. ಬೆಳಗ್ಗೆ ಎಲ್ಲಿಂದ ಹೊರಡುವಿರಿ, ಯಾವುದರಲ್ಲಿ ಹೋಗುವಿರಿ, ಎಲ್ಲಿ ಕುಳಿತು ಕೆಲಸ ಮಾಡುವಿರಿ, ರಾತ್ರಿ ಎಲ್ಲಿ ಓದುವಿರಿ ಎಂಬುದನ್ನು ಒಂದು ಹಾಳೆಯ ಮೇಲೆ ಬರೆಯಿರಿ. ಘಟಪ್ರಭಾ ಸ್ಟೇಶನ್ನಿನಲ್ಲಿ ರೈಲು ಹತ್ತಿ ಬೆಳಗಾವಿಗೆ ನಿತ್ಯವೂ ಹೋಗಿಬರುವವರಿಗೆ, ಹುಕ್ಕೇರಿ ತಾಲೂಕಿನ ನಿಡಸೋಸಿಯಲ್ಲಿ 1996ರಿಂದ ನಡೆಯುತ್ತಿರುವ ಹಿರಾಶುಗರ್ ತಾಂತ್ರಿಕ ಸಂಸ್ಥೆಗೆ ಮೂಡಲಗಿಯ ಕಡೆಯಿಂದ ಬಸ್ಸು ಬದಲಿಸಿ, ಟಂಟಂ ಹತ್ತಿ ತಲುಪುವವರಿಗೆ, ಯಂತ್ರ, ಚಾರ್ಜರು ಎರಡೂ ಕೂಡಿ ಎರಡು ಕಿಲೋಗ್ರಾಮಿನ ಒಳಗಿರುವಂಥದು ಹಿತವಾದದ್ದು. ಅಂದರೆ 14 ಇಂಚಿನದು, ಇಲ್ಲವೆ ಹಗುರಾದ ಮೈಕಟ್ಟಿನ 15.6 ಇಂಚಿನದು. ಹಾಸ್ಟೆಲಿನಲ್ಲಿಯೋ ಬಾಡಿಗೆಯ ಕೋಣೆಯಲ್ಲಿಯೋ ಇದ್ದು, ವಿದ್ಯಾಲಯಕ್ಕೆ ಕಾಲ್ನಡಿಗೆಯ ದೂರವಿರುವವರಿಗೆ, ಅದರಲ್ಲಿಯೂ ಮೆಕ್ಯಾನಿಕಲ್, ಸಿವಿಲ್ ವಿಭಾಗದವರಿಗೆ, 16ಕ್ಕೆ 10ರ ಪ್ರಮಾಣದ 16 ಇಂಚಿನ ಯಂತ್ರವು, ಎರಡೂಕಾಲು ಕಿಲೋಗ್ರಾಮಿನಷ್ಟು ಭಾರವಿದ್ದರೂ, ಸಾರ್ಥಕವಾದೀತು. 17.3 ಇಂಚಿನದನ್ನು, ಅದು ಮೇಜನ್ನು ಬಿಟ್ಟು ಏಳುವುದೇ ಇಲ್ಲವೆಂಬ ನಿಶ್ಚಯವಿದ್ದವರ ಹೊರತು, ನಾನು ಯಾರಿಗೂ ಹೇಳಲಾರೆ. ತರಗತಿಯ ಬೆಂಚಿನ ಮೇಲೆ ಅದನ್ನು ತೆರೆದಿಟ್ಟರೆ ಟಿಪ್ಪಣಿಯ ವಹಿಯನ್ನು ಇಡಲು ಸ್ಥಳವೇ ಉಳಿಯುವುದಿಲ್ಲ.

ವಿಭಾಗಕ್ಕೆ ತಕ್ಕಂತೆ ಬೇಡಿಕೆಯು ಬೇರೆಬೇರೆಯಾಗುವುದನ್ನೂ ಗಮನಿಸಬೇಕು. ಆಟೋಕ್ಯಾಡಿನ ಎರಡು ಆಯಾಮದ ನಕ್ಷೆಗೆ ದೊಡ್ಡ ಗ್ರಾಫಿಕ್ಸ್ ಕಾರ್ಡಿನ ಅವಶ್ಯಕತೆಯೇ ಇಲ್ಲ. ಸ್ಟ್ಯಾಡ್ ಪ್ರೊ, ಇಟ್ಯಾಬ್ಸ್‌ಗಳಲ್ಲಿ ಮೂರು ನಾಲ್ಕು ಮಜಲಿನ ಕಟ್ಟಡದ ಲೆಕ್ಕವನ್ನು ಸಾಧಾರಣ ಯಂತ್ರವೂ ಮಾಡಿ ಮುಗಿಸುವುದು. ಇಲೆಕ್ಟ್ರಾನಿಕ್ಸ್‌ನವರ ವಿವಾಡೋ, ಮೆಕ್ಯಾನಿಕಲ್‌ನವರ ಆನ್ಸಿಸ್, ಇವುಗಳಿಗೆ ಬೇಕಾದುದು ಪರದೆಗಿಂತ ಹೆಚ್ಚಾಗಿ ಸ್ಮರಣೆ: 16 ಜಿಬಿ ರ್‍ಯಾಮು ಇರಲೇಬೇಕು, ಮುಂದೆ ಹೆಚ್ಚಿಸಿಕೊಳ್ಳಲು ಖಾಲಿ ಸ್ಲಾಟು ಇದ್ದರೆ ಇನ್ನೂ ಒಳ್ಳೆಯದು. ತೀರ ತೆಳುವಾದ ಯಂತ್ರಗಳಲ್ಲಿ ರ್‍ಯಾಮನ್ನು ಬೋರ್ಡಿಗೇ ಬೆಸೆದುಬಿಟ್ಟಿರುತ್ತಾರಾದ್ದರಿಂದ, ಕೊಳ್ಳುವ ಮೊದಲೇ ವಿಚಾರಿಸಿರಿ. ಆಪಲ್ ಕಂಪನಿಯ ಯಂತ್ರಗಳು ಹಗುರ, ಸುಂದರ, ಬಾಳಿಕೆಯುಳ್ಳವು. ಆದರೆ ಸಾಲಿಡ್‌ವರ್ಕ್ಸ್, ಕಟಿಯಾ, ರೆವಿಟ್‌ಗಳು ವಿಂಡೋಸ್‌ಗಾಗಿಯೇ ರಚಿತವಾದವುಗಳಾದುದರಿಂದ ಮೆಕ್ಯಾನಿಕಲ್, ಸಿವಿಲ್ ವಿದ್ಯಾರ್ಥಿಗಳಿಗೆ ಆ ಯಂತ್ರಗಳು ಒಪ್ಪುವುದಿಲ್ಲ. ಕಂಪ್ಯೂಟರ್ ಸೈನ್ಸಿನವರು 14 ಇಂಚಿನಿಂದಲೇ ತೃಪ್ತರಾಗಬಹುದು. ಅರಭಾವಿಯ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯದಲ್ಲಿ ಓದುತ್ತ, ಪ್ರಯೋಗದ ಅಂಕಿ-ಅಂಶಗಳನ್ನು ವಿಶ್ಲೇಷಿಸಬೇಕಾದ ಮಕ್ಕಳೂ ಅಷ್ಟೇ. ಅವರು ಯಂತ್ರವನ್ನು ಹಿಡಿದು ಹೊಲಕ್ಕೂ ಹೋಗಬೇಕಾಗುವುದರಿಂದ ಹಗುರಾದದ್ದೇ ಲೇಸು.

ನಕ್ಷೆ ಬರೆಯುವವರಿಗೆ ಇನ್ನೊಂದು ಕಿವಿಮಾತಿದೆ. ಟಚ್‌ಪ್ಯಾಡಿನ ಮೇಲೆ ಬೆರಳಾಡಿಸಿ ಕ್ಯಾಡ್ ಕಲಿತವರನ್ನು ನಾನು ಕಾಣೆ. ನಡುವೆ ಚಕ್ರವಿರುವ ಮೌಸನ್ನು ಯಂತ್ರದ ಜತೆಗೇ ಕೊಳ್ಳಿರಿ. ಚಕ್ರವನ್ನು ತಿರುಗಿಸಿದರೆ ನಕ್ಷೆಯು ಹತ್ತಿರವಾಗುವುದು, ಒತ್ತಿ ಹಿಡಿದರೆ ಸರಿದಾಡುವುದು. ಸಂಖ್ಯೆಗಳ ಪ್ರತ್ಯೇಕ ಕೀಲಿಗಳು 15.6 ಇಂಚಿನ ಯಂತ್ರಗಳಲ್ಲಿ ಬಹುಮಟ್ಟಿಗೆ ಇದ್ದು, ಅಳತೆಗಳನ್ನು ತುಂಬಲು ಅನುಕೂಲವಾಗುವುದೇನೋ ನಿಜ. ಆದರೆ ಅದೊಂದಕ್ಕಾಗಿ ದೊಡ್ಡ ಯಂತ್ರವನ್ನು ಹೊರಬೇಕಾಗಿಲ್ಲ, ಕೆಲವೇ ನೂರು ರೂಪಾಯಿಗೆ ಆ ಕೀಲಿಗಳ ಮಣೆಯು ಬೇರೆಯಾಗಿ ದೊರೆಯುತ್ತದೆ.

ಕೊಳ್ಳುವ ಕಾಲದ ವಿಷಯದಲ್ಲಿ ತಂದೆತಾಯಿಗಳಿಗೆ ನನ್ನ ಪ್ರಾರ್ಥನೆ: ಅವಸರಪಡಬೇಡಿರಿ. ಮೊದಲನೆಯ ಸೆಮಿಸ್ಟರಿನಲ್ಲಿ ಗಣಿತ, ಮೂಲವಿಜ್ಞಾನಗಳದೇ ಪ್ರಾಧಾನ್ಯ. ಗಣಕಯಂತ್ರದ ಮೇಲಿನ ಡ್ರಾಯಿಂಗಿಗೆ ವಿದ್ಯಾಲಯದ ಪ್ರಯೋಗಶಾಲೆಯೇ ಇರುವುದು. ತಮ್ಮ ವಿಭಾಗದಲ್ಲಿ ಯಾವ ತಂತ್ರಾಂಶವನ್ನು ಕಲಿಸುವರು, ಎರಡನೆಯ ವರ್ಷದವರು ಏನನ್ನು ಬಳಸುವರು ಎಂಬುದು ಮಕ್ಕಳಿಗೆ ತಿಳಿಯುವಷ್ಟರಲ್ಲಿ ಕಾರ್ಖಾನೆಗಳು ಹೊಗೆಯಾಡತೊಡಗಿ, ಕಬ್ಬಿನ ಬಿಲ್ಲೂ ಕೈಗೆ ಬರುವ ಸಮಯವಾಗಿರುತ್ತದೆ. ಬಡ್ಡಿಗೆ ಹಣ ತಂದು ಆಗಸ್ಟಿನಲ್ಲಿ ತಪ್ಪಾದ ಯಂತ್ರವನ್ನು ಕೊಳ್ಳುವುದಕ್ಕಿಂತ, ಸ್ವಂತ ಹಣದಿಂದ ಜನವರಿಯಲ್ಲಿ ಸರಿಯಾದುದನ್ನು ಕೊಳ್ಳುವುದು ಮೇಲಲ್ಲವೆ?

ಇನ್ನೊಂದು ಮಾತನ್ನು ತುಸು ನಿಷ್ಠುರವಾಗಿಯೇ ಹೇಳಬೇಕಾಗಿದೆ. ಮಗನಿಗೆ ಶಕ್ತಿಯುತವಾದ ಯಂತ್ರ, ಮಗಳಿಗೆ "ಸಣ್ಣದು ಸಾಕು, ಓದಾಕ ಬರಿಯಾಕ ಆದ್ರ ಆತು" ಎಂದು ಅಗ್ಗದ ಯಂತ್ರ ಕೊಡಿಸಿದ ಮನೆಗಳನ್ನು ನಾನು ನೋಡಿದ್ದೇನೆ. ಚಿಕ್ಕದನ್ನು ಆರಿಸುವುದು ಒಂದು, ದುರ್ಬಲವಾದುದನ್ನು ಹೊರಿಸುವುದು ಮತ್ತೊಂದು. ನನ್ನ ಕೈಕೆಳಗೆ ಕಲಿತವರಲ್ಲಿ ಅತ್ಯಂತ ನಿರ್ದುಷ್ಟವಾದ ರೇಖೆಗಳನ್ನೆಳೆದವರು ಹೆಣ್ಣುಮಕ್ಕಳೇ ಆಗಿದ್ದರು. ಅವರ ಕೈಯ ಉಪಕರಣವು ಅವರ ವಿದ್ಯೆಗೆ ಸಮನಾಗಿರಬೇಕು.

ತಂತ್ರಾಂಶಕ್ಕಾಗಿ ಹಣ ತೆರುವ ಅಥವಾ ಕಳ್ಳಪ್ರತಿಯನ್ನು ಹುಡುಕುವ ಅಗತ್ಯವೂ ಇಲ್ಲವೆಂಬುದನ್ನು ಬಹಳ ಮಂದಿ ಅರಿಯರು. ಆಟೋಡೆಸ್ಕ್ ಕಂಪನಿಯು ವಿದ್ಯಾರ್ಥಿಗಳಿಗೆ ಆಟೋಕ್ಯಾಡ್, ರೆವಿಟ್ ಮೊದಲಾದವುಗಳನ್ನು ವರ್ಷವರ್ಷವೂ ನವೀಕರಿಸಿಕೊಳ್ಳುವಂತೆ ಉಚಿತವಾಗಿಯೇ ಕೊಡುತ್ತದೆ. ಆನ್ಸಿಸ್‌ನದು ಮಿತಿಗಳುಳ್ಳ ವಿದ್ಯಾರ್ಥಿ ಆವೃತ್ತಿಯಿದೆ. ಸ್ವತಂತ್ರ ತಂತ್ರಾಂಶಗಳಾದ ಫ್ರೀಕ್ಯಾಡ್, ಸೈಲ್ಯಾಬ್, ಕೈಕ್ಯಾಡ್‌ಗಳು ಹಗುರಾದ ಯಂತ್ರದಲ್ಲಿಯೂ ಸಲೀಸಾಗಿ ನಡೆಯುತ್ತವೆ. ಮುಂಬಯಿಯ ಐಐಟಿಯವರು 'ಸ್ಪೋಕನ್ ಟ್ಯುಟೋರಿಯಲ್' ಎಂಬ ಯೋಜನೆಯಲ್ಲಿ ಇಂಥ ತಂತ್ರಾಂಶಗಳ ಪಾಠಗಳನ್ನು ಸಿದ್ಧಪಡಿಸಿದ್ದು, ಅವುಗಳಲ್ಲಿ ಕೆಲವನ್ನು ಕನ್ನಡದಲ್ಲಿಯೂ ಕೇಳಬಹುದು. ಕನ್ನಡ ಮಾಧ್ಯಮದಲ್ಲಿ ಓದಿ ಬಂದು, ಮೊದಲ ವರ್ಷದ ಇಂಗ್ಲಿಷಿಗೆ ಬೆದರಿ ಮೌನವಾಗಿ ಕುಳಿತುಕೊಳ್ಳುವ ಮಕ್ಕಳಿಗೆ ಅದೊಂದು ದೊಡ್ಡ ಆಸರೆ.

ಕೊನೆಯದಾಗಿ ಮತ್ತೆ ನನ್ನ ಹಲಗೆಗೆ ಬರುವೆನು. ಯಂತ್ರದ ಪರದೆಯನ್ನು ಹಿರಿದು ಮಾಡುವುದಕ್ಕೆ ತೆರುವ ಹಣವನ್ನು ಉಳಿಸಿ, ಕೋಣೆಯ ಮೇಜಿನ ಮೇಲೆ ಬೇರೊಂದು ಮಾನಿಟರನ್ನು ಇರಿಸಿಕೊಳ್ಳಿರೆಂದು ನಾನು ಕೆಲವು ವರ್ಷಗಳಿಂದ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. 24 ಇಂಚಿನದೆಂದು ಮಾರುವ ಸಾಧಾರಣ ಮಾನಿಟರು 10 ಸಾವಿರ ರೂಪಾಯಿಯ ಆಸುಪಾಸಿನಲ್ಲಿ ದೊರೆಯುತ್ತದೆ. ಒಂದು ತಂತಿಯಿಂದ ಲ್ಯಾಪ್‌ಟಾಪಿಗೆ ಜೋಡಿಸಿದರಾಯಿತು. ಇಬ್ಬರು ಗೆಳೆಯರು ಒಂದೇ ಕೋಣೆಯಲ್ಲಿದ್ದರೆ ಇಬ್ಬರಿಗೂ ಅದೊಂದೇ ಸಾಕು. ನನ್ನ ತಂಗಿಯ ಮೊಮ್ಮಗನ ಭಾರವಾದ ಯಂತ್ರವೂ ಈಗ ಅಲ್ಮಾರಿಯಿಂದಿಳಿದು, ಮನೆಯ ಮೇಜಿನ ಮೇಲೆ ತನಗೆ ತಕ್ಕ ಸ್ಥಾನವನ್ನು ಪಡೆದಿದೆ.

ಕಳೆದ ಚಳಿಗಾಲದಲ್ಲಿ ಮೂಡಲಗಿಯ ಕಡೆಯ ತೋಟದ ಮನೆಯೊಂದಕ್ಕೆ ಹೋಗಿದ್ದೆ. ಸಿವಿಲ್ ಓದುತ್ತಿರುವ ಆ ಮನೆಯ ಹುಡುಗಿಯು ನನ್ನ ಮಾತನ್ನು ನಂಬಿ, 14 ಇಂಚಿನ ಹಗುರಾದ ಯಂತ್ರವನ್ನೂ ಒಂದು ಮಾನಿಟರನ್ನೂ ಕೊಂಡಿದ್ದಳು. ಡಿಪ್ಲೊಮಾ ಓದುವ ಅವಳ ತಂಗಿಗೂ ಆ ಮಾನಿಟರಿನಲ್ಲಿ ಪಾಲಿತ್ತು. ತಂದೆಯ ಬಾವಿಯ ದಂಡೆಯಲ್ಲಿ ಕಟ್ಟಬೇಕಾದ ಪಂಪ್‌ಸೆಟ್ಟಿನ ಕೋಣೆಯ ನಕ್ಷೆಯನ್ನು ಅವಳು ಎ3 ಹಾಳೆಯ ಅಳತೆಗೆ ಬರೆದಿದ್ದಳು. ಅಚ್ಚು ಮಾಡಿಸಿ ತಂದಿದ್ದ ಹಾಳೆಯನ್ನು ನಾನು ಇಸಿದುಕೊಂಡು, ಬೆಳಗುತ್ತಿದ್ದ ಪರದೆಗೆ ಒತ್ತಿ ಹಿಡಿದೆ. ಹಾಳೆಯ ಎತ್ತರ 29.7 ಸೆಂಟಿಮೀಟರ್, ಪರದೆಯದು 29.6. ಗೋಡೆಗೆ ಗೋಡೆ, ಬಾಗಿಲಿಗೆ ಬಾಗಿಲು, ರೇಖೆಯ ಮೇಲೆ ರೇಖೆ ಕೂಡಿ ನಿಂತು, ಕಾಗದದ ಅಂಚು ಮಾತ್ರ ಒಂದು ಮಿಲಿಮೀಟರಿನಷ್ಟು ಹೊರಗೆ ಚಾಚಿತ್ತು. ಹಿಂದೆ ನಿಂತಿದ್ದ ತಂದೆ ಬಗ್ಗಿ ನೋಡಿ, ಕಾಗದದೊಳಗಿಂದ ಹಾಯ್ದು ಬರುತ್ತಿದ್ದ ಬೆಳಕಿನಲ್ಲಿ ಬಾಗಿಲಿನ ಗುರುತಿನ ಮೇಲೆ ಬೆರಳಿಟ್ಟು, "ಇದನ್ನ ಮೂಡಣಕ್ಕ ತಿರುಗಿಸವ್ವಾ, ಗಾಳಿ-ಮಳಿ ಪಡುವಣದಿಂದ ಹೊಡಿತೈತಿ" ಎಂದನು. ಅವಳು ಮೌಸನ್ನು ಕೈಗೆತ್ತಿಕೊಂಡಳು.

ಇತಿ ನಿಮ್ಮ ಹಿತೈಷಿ,
ಇದೇ ಸೀಮೆಯ ಒಬ್ಬ ನಿವೃತ್ತ ಡ್ರಾಯಿಂಗ್ ಮಾಸ್ತರ